ಕೆಂಪಾದರೆ ರಿಜೆಕ್ಟ್, ಹಸಿರಾದರೆ ಪಾಸ್?

ವಾರಕ್ಕೊಂದಾದರೂ ಇಂಥ ಫೋಟೊ ವಾಟ್ಸ್ಯಾಪಿಗೆ ಬರುತ್ತದೆ. ಬೆಳಕನ್ನು ಸೋಸುವ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ತುಂಡು, ಮೈತುಂಬ ಕಾಮನಬಿಲ್ಲು. ಪ್ಲಾಸ್ಟಿಕ್ಕಿನೊಳಗಿನ ಸ್ಟ್ರೆಸ್ (ಎಳೆತ-ಒತ್ತಡ) ಬಣ್ಣವಾಗಿ ತೋರಿಸುವ ಈ ಸಾಧನವೇ ಪೋಲರಿಸ್ಕೋಪ್. ಕೆಳಗೆ ಒಂದೇ ಸಾಲು: "ಸರ್, ಕೆಂಪು ಬಂದಿದೆ, ರಿಜೆಕ್ಟ್ ಮಾಡ್ಲಾ?"

ಬೇಡಪ್ಪ. ಇದು ಟ್ರಾಫಿಕ್ ಸಿಗ್ನಲ್ ಅಲ್ಲ. ಕಂಪ್ಯೂಟರಿನ ಎಫ್‌ಇಎ ಎಂಬ ಸ್ಟ್ರೆಸ್ ಲೆಕ್ಕಾಚಾರದ ಚಿತ್ರದಲ್ಲಿ ಹೆಚ್ಚು ಸ್ಟ್ರೆಸ್ ಇರುವಲ್ಲಿ ಕೆಂಪು ಬಳಿಯುವುದು ಸಾಫ್ಟ್‌ವೇರಿನವರ ರೂಢಿ. ಪೋಲರಿಸ್ಕೋಪಿಗೆ ಆ ರೂಢಿ ಗೊತ್ತಿಲ್ಲ. ಇಲ್ಲಿ ಹೊರೆ ಏರಿದಂತೆ ಅದೇ ಜಾಗ ಕಪ್ಪು, ಬೂದು, ಬಿಳಿ, ಹಳದಿ, ಕೆಂಪು, ನೇರಳೆ, ನೀಲಿ, ಹಸಿರು ಆಗಿ ಮತ್ತೆ ಹಳದಿ, ಮತ್ತೆ ಕೆಂಪಿಗೆ ಬರುತ್ತದೆ. ಗಡಿಯಾರದ ಮುಳ್ಳು ಮೂರರ ಮೇಲಿದೆ ಅಂದರೆ ನಡುರಾತ್ರಿ ಕಳೆದ ಮೂರೋ, ಮಧ್ಯಾಹ್ನದ ಮೂರೋ? ಅದಕ್ಕೇ ಕಪ್ಪಿನಿಂದ ಹೊರಟು, ಕೆಂಪು ಮುಗಿದು ನೀಲಿಗೋ ಹಸಿರಿಗೋ ತಿರುಗುವ ಗೆರೆಗಳನ್ನು, ಅಂದರೆ ಫ್ರಿಂಜ್‌ಗಳನ್ನು (ಮೊದಲನೆಯದು ನೇರಳೆ), ಒಂದೊಂದಾಗಿ ಎಣಿಸಬೇಕು. ನಾಲ್ಕು ದಾಟಿದರೆ ಬಣ್ಣಗಳೇ ಕಲಸಿ ಮಾಸಿಹೋಗುತ್ತವೆ. ಆಗ ಒಂದೇ ಬಣ್ಣದ ಬೆಳಕು ಕೊಡುವ ಸೋಡಿಯಂ ದೀಪ ಬೇಕು.

ಎಣಿಸಿದ್ದೂ ನೇರವಾಗಿ ಸ್ಟ್ರೆಸ್ ಅಲ್ಲ. ಒಂದಕ್ಕೊಂದು ಲಂಬವಾಗಿರುವ ಎರಡು ಮುಖ್ಯ ಸ್ಟ್ರೆಸ್‌ಗಳ ವ್ಯತ್ಯಾಸವನ್ನು ದಪ್ಪದಿಂದ ಗುಣಿಸಿದರೆ ಏನು ಬರುತ್ತದೋ, ಅದರ ಲೆಕ್ಕ. 3 ಮಿ.ಮೀ. ಹಾಳೆಯಲ್ಲಿ ಅರ್ಧ ಫ್ರಿಂಜ್ ತೋರಿಸಿದ ಸ್ಟ್ರೆಸ್, 6 ಮಿ.ಮೀ.ನಲ್ಲಿ ಪೂರ್ತಿ ಒಂದು ತೋರಿಸುತ್ತದೆ. ಎರಡೂ ದಿಕ್ಕಿಗೆ ಸಮನಾಗಿ ಎಳೆದರೆ ವ್ಯತ್ಯಾಸ ಸೊನ್ನೆ, ಕಾಣುವುದು ಕಪ್ಪು. ಮೋಲ್ಡ್ ಮಾಡಿದ ಪೀಸಾದರೆ ಕರಗಿದ ಪ್ಲಾಸ್ಟಿಕ್ ಹರಿದು ಹೋದ ಜಾಡೂ ಬಣ್ಣ ಕೊಡುತ್ತದೆ. ಅದನ್ನು ಬರೀ ಕಣ್ಣಿನಲ್ಲಿ ಬೇರ್ಪಡಿಸುತ್ತೇನೆ ಅಂತ ನಾನಂತೂ ಹೇಳುವುದಿಲ್ಲ.

ಮೆಷಿನ್ ಗಾರ್ಡ್ ಮಾಡುವ ಹುಡುಗನೊಬ್ಬ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಪೀಸ್‌ಗಳನ್ನು ಎರಡು ಗುಡ್ಡೆ ಹಾಕಿದ್ದ. ಸ್ಕ್ರೂ ತೂತಿನ ಅಂಚು ಕೆಂಪಾದವು ಮೂಲೆಗೆ, ಹಸಿರಾದವು ಪ್ಯಾಕಿಂಗಿಗೆ. ಆ ಹಸಿರು, ಮೊದಲ ನೇರಳೆ ದಾಟಿದ ಹಸಿರು! ಕೌಂಟರ್‌ಸಿಂಕ್ (ತಲೆಯ ಅಡಿ ಇಳಿಜಾರಾದ) ಸ್ಕ್ರೂವನ್ನು ಜಾಸ್ತಿ ಬಿಗಿದು ತೂತಿಗೆ ಬೆಣೆ ಹೊಡೆದಂತಾಗಿತ್ತು. ಆಪರೇಟರ್ ತಿನ್ನರ್ ಹಚ್ಚಿ ಒರೆಸಿದ. ತೂತಿನ ಸುತ್ತ ಕೂದಲೆಳೆಯ ಬಿರುಕು. ತಿನ್ನರ್ ಸೋಕದಿದ್ದರೆ ಬಾಳುತ್ತಿತ್ತೇನೋ, ಆಣೆ ಮಾಡಲಾರೆ.

ಎಣಿಸುವುದನ್ನು ಅವನಿಗೆ ಒಂದು ಮಧ್ಯಾಹ್ನ ಪೂರ್ತಿ ಕೂತು ಹೇಳಿಕೊಟ್ಟೆ, ಎರಡು ಕಾಫಿಯೂ ಆಯಿತು. ಮರುವಾರ ಉತ್ಸಾಹದಿಂದ ಫೋನ್: "ಸರ್, ಪೀಸನ್ನು ಬಿಸಿಮಾಡಿ ನಿಧಾನಕ್ಕೆ ಆರಿಸಿ ಅನೀಲ್ ಮಾಡಿದ್ದೀನಿ, ಈ ಸಲ ಪೂರ್ತಿ ಕಪ್ಪು!"

"ಸ್ಕ್ರೂ ಎಷ್ಟು ಬಿಗಿದಿದ್ದೀಯ?"

ಸ್ವಲ್ಪ ಹೊತ್ತು ಮೌನ. "ಸ್ಕ್ರೂ ಇನ್ನೂ ಹಾಕಿಲ್ಲ ಸರ್."