ಹೊಸ ಇಂಜೆಕ್ಷನ್ ಚರ್ಮರೋಗವನ್ನು ಒಳಗೆ ತಳ್ಳುತ್ತದೆಯೇ?

ಪ್ರಶ್ನೆ: ನನ್ನ ತಮ್ಮನಿಗೆ ಬಹಳ ವರ್ಷಗಳಿಂದ ಸೋರಿಯಾಸಿಸ್ ಇದೆ. ಮುಲಾಮು, ಮಾತ್ರೆ ಎಲ್ಲಾ ಆಯಿತು. ಈಗ ಡಾಕ್ಟರು ಬಯಾಲಜಿಕ್ ಇಂಜೆಕ್ಷನ್ ಶುರು ಮಾಡೋಣ ಅನ್ನುತ್ತಿದ್ದಾರೆ. ಅದು ರೋಗವನ್ನು ಒಳಗೇ ಅದುಮಿಡುತ್ತದೆ, ಆಮೇಲೆ ಕೀಲಿಗೋ ಶ್ವಾಸಕೋಶಕ್ಕೋ ಇಳಿಯುತ್ತದೆ ಎಂದು ಮನೆಯ ಹಿರಿಯರು ಬೇಡ ಅನ್ನುತ್ತಾರೆ. ಇದು ನಿಜವೇ?

ಉತ್ತರ: ಇಳಿಯುವುದಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ಒಮ್ಮೆ ಸೋರಿಯಾಸಿಸ್ ಹೆಸರಲ್ಲಿ, ಒಮ್ಮೆ ಮಗುವಿನ ಎಕ್ಜಿಮಾ ಹೆಸರಲ್ಲಿ, ಮೊದಲು ಮುಲಾಮಿನ ಮೇಲೆ, ಈಗ ಇಂಜೆಕ್ಷನ್ ಮೇಲೆ ಅಂತ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಹೇಳಿ ಹೇಳಿ ಬಾಯಿ ಸೋತಿದೆ. ಈ ಸಲ ಬುಡಸಮೇತ ಕಿತ್ತುಬಿಡೋಣ.

ದೇಹದೊಳಗೆ ಏನೋ ಕೊಳೆ ಸೇರಿದೆ, ಚರ್ಮ ಅದನ್ನು ಹೊರಗೆ ಹಾಕುತ್ತಿದೆ, ನಾವು ಆ ದಾರಿ ಮುಚ್ಚಿದರೆ ಅದು ಬೇರೆ ಕಡೆ ನುಗ್ಗುತ್ತದೆ: ಈ ನಂಬಿಕೆಯವರ ಮನಸ್ಸಿನಲ್ಲಿರುವುದು ಇದು. ಕೇಳಲು ಚೆನ್ನಾಗಿದೆ. ಆದರೆ ಸೋರಿಯಾಸಿಸ್ ಎದ್ದ ಜಾಗದಿಂದ ಕಾಳಿನಷ್ಟು ಚರ್ಮ ತೆಗೆದು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿ. ಅಲ್ಲಿ ಕೊಳೆಯೂ ಇಲ್ಲ, ವಿಷವೂ ಇಲ್ಲ. ಇರುವುದು ನಮ್ಮದೇ ಬಿಳಿ ರಕ್ತಕಣಗಳ ದಂಡು, ಮತ್ತು ಅವಸರದಲ್ಲಿ ಹುಟ್ಟಿದ ಚರ್ಮದ ಜೀವಕೋಶಗಳು. ಆರೋಗ್ಯವಂತ ಚರ್ಮದಲ್ಲಿ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರುವುದಕ್ಕೆ ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್‌ನಲ್ಲಿ ನಾಲ್ಕೈದು ದಿನಕ್ಕೇ ಮೇಲೆ ಬಂದುಬಿಡುತ್ತದೆ. ಬಲಿಯಲು ಸಮಯವಿಲ್ಲದೆ, ಒಂದಕ್ಕೊಂದು ಅಂಟಿಕೊಂಡೇ ಬರುವುದರಿಂದಲೇ ಆ ಬೆಳ್ಳಿ ಬಣ್ಣದ ಹೊಟ್ಟು.

ಹೀಗೆ ಅವಸರ ಮಾಡಿಸುವುದು ಬಿಳಿ ರಕ್ತಕಣಗಳು ಪರಸ್ಪರ ಕಳಿಸುವ ಸಂದೇಶದ ಪ್ರೋಟೀನ್‌ಗಳು. ಸೋರಿಯಾಸಿಸ್‌ನಲ್ಲಿ ಮುಖ್ಯವಾಗಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-23 ಮತ್ತು 17. ಎಕ್ಜಿಮಾದಲ್ಲಿ ಇಂಟರ್‌ಲ್ಯೂಕಿನ್-4 ಮತ್ತು 13. ಬಯಾಲಜಿಕ್‌ಗಳು ಇವುಗಳಲ್ಲಿ ಒಂದೋ ಎರಡೋ ಸಂದೇಶಗಳನ್ನು ಹಿಡಿದು ನಿಲ್ಲಿಸುತ್ತವೆ. ಸಂದೇಶ ನಿಂತರೆ ಅವಸರ ನಿಲ್ಲುತ್ತದೆ, ಹೊಟ್ಟು ನಿಲ್ಲುತ್ತದೆ. ಒಳಗೆ ತಳ್ಳಬೇಕೆಂದರೂ ತಳ್ಳಲು ಅಲ್ಲಿ ಏನೂ ಇಲ್ಲ.

ಈಗ ಕೀಲಿನ ವಿಷಯ. ಸೋರಿಯಾಸಿಸ್ ಇರುವ ನೂರು ಮಂದಿಯಲ್ಲಿ 30 ಮಂದಿಯವರೆಗೆ ಸಂಧಿವಾತ ಬರಬಹುದು, ಇದು ನಿಜ. ಸಾಮಾನ್ಯವಾಗಿ ಮೊದಲು ಚರ್ಮ, ಹಲವು ವರ್ಷದ ಮೇಲೆ ಕೀಲು. ಆ ನಡುವಿನ ವರ್ಷಗಳಲ್ಲಿ ರೋಗಿ ಏನಾದರೊಂದು ಔಷಧಿ ಮಾಡಿಯೇ ಇರುತ್ತಾನಲ್ಲ! ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ದೋಷ ಕಾಗೆಯ ತಲೆಗೆ. ಏನೂ ಹಚ್ಚದವರಿಗೂ ಕೀಲು ಹಿಡಿಯುತ್ತದೆ. ಕೆಲವರಿಗಂತೂ ಮೈಮೇಲೆ ಒಂದು ಕಲೆಯೂ ಕಾಣುವ ಮೊದಲೇ ಬೆರಳು ಊದಿಕೊಳ್ಳುತ್ತದೆ. ಅವರ ರೋಗವನ್ನು ಅದುಮಿದವರು ಯಾರು?

ಸೋರಿಯಾಸಿಸ್‌ಗೆ ಬಂದ ಮೊದಮೊದಲ ಬಯಾಲಜಿಕ್‌ಗಳಲ್ಲಿ ಒಂದಾದ ಎಟನರ್ಸೆಪ್ಟ್‌ನ ಚರಿತ್ರೆ ನೋಡಿದರೆ ಈ ವಾದ ಪೂರ್ತಿ ತಲೆಕೆಳಗಾಗುತ್ತದೆ. ಅಮೆರಿಕದಲ್ಲಿ ಅದಕ್ಕೆ 1998ರಲ್ಲಿ ರುಮಟಾಯ್ಡ್ ಸಂಧಿವಾತಕ್ಕೆ ಒಪ್ಪಿಗೆ ಸಿಕ್ಕಿತು, 2002ರಲ್ಲಿ ಸೋರಿಯಾಸಿಸ್‌ನ ಸಂಧಿವಾತಕ್ಕೆ, ಚರ್ಮದ ಸೋರಿಯಾಸಿಸ್‌ಗೆ 2004ರಲ್ಲಿ. ಅಂದರೆ ಕೀಲಿನ ಔಷಧಿಯೇ ಆಮೇಲೆ ಚರ್ಮಕ್ಕೆ ಬಂದದ್ದು. ಅದೇ ಔಷಧಿ ರೋಗವನ್ನು ಕೀಲಿಗೆ ತಳ್ಳುತ್ತದೆ ಎಂದು ಹೆದರಿಸುವುದು ಎಲ್ಲಿಯ ನ್ಯಾಯ!

ಶ್ವಾಸಕೋಶದ ಭಯ ಹುಟ್ಟಿದ್ದು ಎಕ್ಜಿಮಾದ ಮಕ್ಕಳಿಂದ. ಹಸುಗೂಸಿನಲ್ಲಿ ಶುರುವಾದ ಎಕ್ಜಿಮಾ ಬಹಳ ಮಕ್ಕಳಲ್ಲಿ ಬೆಳೆಯುತ್ತಾ ತಾನಾಗಿ ತಗ್ಗುತ್ತದೆ. ಆಸ್ತಮಾ ತಲೆ ಎತ್ತುವುದೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ. ಕೆನ್ನೆಯ ಕೆಂಪು ಹೋಯಿತು, ಎದೆಯಲ್ಲಿ ಗೊರಗೊರ ಬಂತು. ‘ನೋಡಿ, ಮುಲಾಮು ಹಚ್ಚಿ ಒಳಗೆ ತಳ್ಳಿದಿರಿ’ ಎಂದು ತಾಯಿಯ ಮೇಲೆ ಹರಿಹಾಯುತ್ತಾರೆ. ಪಾಪ ಆ ತಾಯಿ ಸರಿಯಾದುದನ್ನೇ ಮಾಡಿರುತ್ತಾಳೆ. ಎಕ್ಜಿಮಾದ ಚರ್ಮದಲ್ಲಿ ತಡೆಗೋಡೆಯೇ ಬಿರುಕು ಬಿಟ್ಟಿರುತ್ತದೆ. ಆ ಗೋಡೆಗೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಅನೇಕರಲ್ಲಿ ದೋಷಪೂರಿತವೆಂದು 2006ರಲ್ಲಿ ತಿಳಿದುಬಂತು. ಬಿರುಕಿನ ಮೂಲಕ ಧೂಳಿನ ಕಣ, ಆಹಾರದ ಕಣ ಒಳಹೊಕ್ಕು ದೇಹಕ್ಕೆ ಅಲರ್ಜಿಯ ಪಾಠ ಕಲಿಸುತ್ತವೆ. ಒಳಗೆ ಏನಾದರೂ ಹೋಗುವುದಿದ್ದರೆ ಚಿಕಿತ್ಸೆ ಕೊಡದೆ ಬಿಟ್ಟ ಚರ್ಮದಿಂದಲೇ ಹೋಗುತ್ತದೆ. ಎಕ್ಜಿಮಾಕ್ಕೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್‌ಗೆ ಮರುವರ್ಷ, 2018ರಲ್ಲಿ, ಯಾವ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು ಗೊತ್ತೇ? ಆಸ್ತಮಾಕ್ಕೆ.

‘ಹಾಗಾದರೆ ಬಿಟ್ಟ ಕೂಡಲೇ ಯಾಕೆ ವಾಪಸ್ ಬರುತ್ತೆ? ಅಡಗಿ ಕೂತಿತ್ತು ಅಂತ ತಾನೆ?’ ಇದು ಒಳ್ಳೆಯ ಪ್ರಶ್ನೆ. ಹೌದು, ಅಡಗಿರುತ್ತದೆ, ಅದೂ ಅದೇ ಚರ್ಮದಲ್ಲಿ. ಕಲೆ ಮಾಯವಾದ ಮೇಲೂ ನೆನಪಿನ ಟಿ-ಕಣಗಳೆಂಬ ಬಿಳಿ ರಕ್ತಕಣಗಳು ಆ ಜಾಗ ಬಿಟ್ಟು ಹೋಗುವುದಿಲ್ಲ. ಮೊಣಕೈಯಲ್ಲಿ ಎದ್ದದ್ದು ಮತ್ತೆ ಅದೇ ಮೊಣಕೈಯಲ್ಲಿ, ಬಹುಮಟ್ಟಿಗೆ ಅದೇ ಆಕಾರದಲ್ಲಿ ಏಳುವುದು ಇದಕ್ಕೇ. ರೋಗ ಹತೋಟಿಗೆ ಬರುತ್ತದೆ, ಬುಡ ಕಿತ್ತು ಹೋಗುವುದಿಲ್ಲ. ಬುಡ ಕೀಳುತ್ತೇನೆ ಎಂದು ಭರವಸೆ ಕೊಡುವವರ ಬಳಿ ಸುಮ್ಮನೆ ಹೋಗಬೇಡಿ.

ಈ ಸುಳ್ಳಿಗೆ ಒಂದೇ ಒಂದು ಕಡೆ ನಿಜದ ಎಳೆಯಿದೆ. ಸೋರಿಯಾಸಿಸ್‌ಗೆ ಸ್ಟಿರಾಯ್ಡ್ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ಕೊಟ್ಟು ನಿಲ್ಲಿಸಿದರೆ ರೋಗ ಮೊದಲಿಗಿಂತ ಜೋರಾಗಿ ಕೆರಳಬಹುದು. ಒಮ್ಮೊಮ್ಮೆ ಮೈತುಂಬ ಕೀವಿನ ಗುಳ್ಳೆ ಏಳುವ ಮಟ್ಟಕ್ಕೆ. ಯಾರೋ ಒಬ್ಬರಿಗೆ ಹಾಗೆ ಆಗಿದ್ದನ್ನು ನೋಡಿದವರು ‘ಇಂಜೆಕ್ಷನ್’ ಎಂದರೆ ಬೆಚ್ಚಿಬೀಳುವುದು ಸಹಜ. ಬಯಾಲಜಿಕ್ ಸ್ಟಿರಾಯ್ಡ್ ಅಲ್ಲ. ಎರಡೂ ಸೂಜಿಯಲ್ಲೇ ಬರುತ್ತವೆ ಅನ್ನುವುದನ್ನು ಬಿಟ್ಟರೆ ಸಂಬಂಧವಿಲ್ಲ.

ಹೆದರುವುದಾದರೆ ಹೆದರಬೇಕಾದ್ದಕ್ಕೆ ಹೆದರಿ. ಟಿಎನ್‌ಎಫ್ ತಡೆಯುವ ಔಷಧಿಯಿಂದ ದೇಹದಲ್ಲಿ ನಿದ್ರಿಸುತ್ತಿದ್ದ ಕ್ಷಯ ಎದ್ದೇಳಬಹುದು, ಹಾಗಾಗಿ ಮೊದಲೇ ಕ್ಷಯದ ಪರೀಕ್ಷೆ, ಹೆಪಟೈಟಿಸ್-ಬಿ ಪರೀಕ್ಷೆ ಮಾಡಿಸುತ್ತಾರೆ. ಅದನ್ನು ತಪ್ಪಿಸಬೇಡಿ. ಕರುಳಿನ ಕ್ರೋನ್ಸ್ ಕಾಯಿಲೆ ಇದ್ದರೆ ಇಂಟರ್‌ಲ್ಯೂಕಿನ್-17 ತಡೆಯುವ ಔಷಧಿ ಸಾಮಾನ್ಯವಾಗಿ ಬೇಡ, ಮುಂಚೆಯೇ ಹೇಳಿ. ಡುಪಿಲುಮ್ಯಾಬ್‌ನಿಂದ ಕೆಲವರಿಗೆ ಕಣ್ಣು ಕೆಂಪಾಗುತ್ತದೆ. ಎಕ್ಜಿಮಾಕ್ಕೆ ಬಂದಿರುವ, ಜೀವಕೋಶದೊಳಗಿನ ಜ್ಯಾಕ್ ಎಂಬ ಕಿಣ್ವವನ್ನು ತಡೆಯುವ ಮಾತ್ರೆಗಳಲ್ಲಿ ಸರ್ಪಸುತ್ತು, ರಕ್ತ ಹೆಪ್ಪುಗಟ್ಟುವುದು ಮುಂತಾದವುಗಳ ಬಗ್ಗೆ ಎಚ್ಚರಿಕೆ ಇದೆ. ಹಳೆಯ ಮೆಥೊಟ್ರೆಕ್ಸೇಟ್ ಈಗಲೂ ಒಳ್ಳೆಯ ಔಷಧಿ, ಆದರೆ ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಇವೆಲ್ಲ ಲೆಕ್ಕಕ್ಕೆ ಸಿಗುವ, ಪರೀಕ್ಷೆಯಿಂದ ಕಾಯಬಹುದಾದ ಅಪಾಯಗಳು.

ಇನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ, ನಾನೇ ಕೇಳಿಕೊಳ್ಳುತ್ತೇನೆ: ‘ಮುಲಾಮು ಹಚ್ಚಿ ಹಚ್ಚಿ ಸಾಕಾಯ್ತು, ಏನೂ ಪ್ರಯೋಜನವಿಲ್ಲ’ ಅನ್ನುತ್ತೀರಲ್ಲ, ಎಷ್ಟು ಹಚ್ಚಿದಿರಿ? ಸಂಕೋಚದಿಂದ ಕಡಲೆಕಾಳಿನಷ್ಟು ಮುಲಾಮನ್ನು ಮಂಡಿಗೂ ಮೊಣಕೈಗೂ ಹಂಚಿದರೆ ಯಾವ ಔಷಧಿ ತಾನೇ ಕೆಲಸ ಮಾಡೀತು? ತೋರುಬೆರಳನ್ನು ಚಾಚಿ, ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬನ್ನು ಒತ್ತಿ ಒಂದು ಗೆರೆ ಎಳೆಯಿರಿ. ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈ, ಬೆರಳೂ ಸೇರಿ, ಎಷ್ಟು ಜಾಗ ಮುಚ್ಚುತ್ತದೋ ಅಷ್ಟಕ್ಕೆ ಅದು ಸಾಕು. ಒಂದು ಇಡೀ ಕಾಲಿಗೆ, ಪಾದ ಸೇರಿ, ಇಂಥ ಎಂಟು ಗೆರೆ. ಮುಖ ಮತ್ತು ಕತ್ತಿಗೆ ಎರಡೂವರೆ. ಆದರೆ ಮುಖಕ್ಕೂ ತೊಡೆಸಂದಿಗೂ ಡಾಕ್ಟರು ಬರೆದ ಸೌಮ್ಯ ಮುಲಾಮನ್ನೇ ಹಚ್ಚಿ, ಮಂಡಿಗೆ ಬರೆದ ಪ್ರಬಲ ಮುಲಾಮನ್ನು ಅಲ್ಲಿಗೆ ಒಯ್ದರೆ ಚರ್ಮ ತೆಳುವಾಗುತ್ತದೆ.

ಲೆಕ್ಕ ಹಾಕಿ ನೋಡಿ. ನಾಲ್ಕು ಅಂಗೈಯಷ್ಟು ಜಾಗದಲ್ಲಿ ರೋಗವಿದ್ದರೆ ದಿನಕ್ಕೊಮ್ಮೆ ಹಚ್ಚಿದರೂ ಒಂದು ಗ್ರಾಂ. ಹತ್ತು ಗ್ರಾಂ ಟ್ಯೂಬು ಹತ್ತೇ ದಿನಕ್ಕೆ ಖಾಲಿಯಾಗಬೇಕು. ಅದೇ ಟ್ಯೂಬು ಮೂರು ತಿಂಗಳಿಂದ ಮನೆಯಲ್ಲಿದ್ದರೆ, ಮುಲಾಮು ಸೋತಿತು ಎಂದು ಇಂಜೆಕ್ಷನ್‌ಗೆ ಹೋಗುವ ಮೊದಲು ಆ ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ, ಎಷ್ಟು ಉಳಿದಿದೆ ಎಂದು ತೋರಿಸಿ.