ಕಫೀಲನ ಸಹಿ: ಗಲ್ಫ್ ಕೆಲಸದ ಕಾನೂನು ನಡೆದು ಬಂದ ದಾರಿ

2025ರ ಜುಲೈ 1ರಿಂದ ಕುವೈತ್‌ನಲ್ಲಿ ಹೊಸ ನಿಯಮ ಬಂತು. ಖಾಸಗಿ ಕಂಪನಿಯಲ್ಲಿರುವ ವಿದೇಶಿಯರು ರಜೆಗೆ ಊರಿಗೆ ಹೊರಡಬೇಕಾದರೂ ಕಂಪನಿಯಿಂದ ಎಕ್ಸಿಟ್ ಪರ್ಮಿಟ್ ಪಡೆಯಬೇಕು. ಅರ್ಜಿ ಆನ್‌ಲೈನ್‌ನಲ್ಲೇ ಆಗುತ್ತದೆ, ಹೆಚ್ಚು ಓಡಾಟವಿಲ್ಲ. ಆದರೂ ಹಳಬರಿಗೆ ಇದು ವಿಚಿತ್ರ ಅನಿಸಿರಬೇಕು. ಇಂಥದೇ ಪರ್ಮಿಟ್ಟನ್ನು ಕತಾರ್ 2018ರಲ್ಲಿ ಬಹುತೇಕ ಕೆಲಸಗಾರರಿಗೆ ತೆಗೆದುಹಾಕಿತ್ತು. ಸೌದಿ 2021ರಲ್ಲಿ ಸಡಿಲಿಸಿತ್ತು. ಗಲ್ಫಿನಲ್ಲಿ ಕಾನೂನು ಮುಂದಕ್ಕೇ ಹೋಗುತ್ತದೆ ಅಂತ ನಂಬುವ ಹಾಗಿಲ್ಲ.

ಇದರ ಬೇರು ಕಫಾಲಾ ಪದ್ಧತಿಯಲ್ಲಿದೆ. ಹೊರಗಿನಿಂದ ಬಂದವನ ಹೊಣೆ ಹೊರಲು ಸ್ಥಳೀಯನೊಬ್ಬ ಇರಬೇಕು, ಅವನೇ ಕಫೀಲ್. ಇದು ಮರುಭೂಮಿಯ ಹಳೇ ಸಂಪ್ರದಾಯ ಅಂತ ಹೇಳುವವರು ಜಾಸ್ತಿ. ಅದು ಅರ್ಧ ನಿಜ. ಇದಕ್ಕೆ ಸರ್ಕಾರಿ ಕಾಗದದ ರೂಪ ಬರತೊಡಗಿದ್ದು 1920ರ ದಶಕದ ನಂತರ, ಬಹ್ರೇನ್‌ನಂಥ ಕಡೆ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿ. ಮುತ್ತು ತೆಗೆಯುವ ದೋಣಿಗಳಿಗೆ ಕೆಲಸಕ್ಕೆ ಬರುವ ಹೊರಗಿನವರ ಮೇಲೆ ಕಣ್ಣಿಡಬೇಕಿತ್ತು, ಆದರೆ ಅದಕ್ಕೆ ಬೇಕಾದಷ್ಟು ಸಿಬ್ಬಂದಿ ಇರಲಿಲ್ಲ. ಆ ಕೆಲಸವನ್ನು ಸ್ಥಳೀಯರ ಹೆಗಲಿಗೆ ಹಾಕಿದರು. 1932ರಲ್ಲಿ ಅಲ್ಲೇ ಎಣ್ಣೆ ಸಿಕ್ಕಿತು. ಮುತ್ತಿನ ವ್ಯಾಪಾರ ಮುಳುಗಿತು, ವ್ಯವಸ್ಥೆ ಮಾತ್ರ ಉಳಿಯಿತು.

1973ರ ನಂತರ ಎಣ್ಣೆ ಬೆಲೆ ಏರಿತು. ರಸ್ತೆ, ಬಂದರು, ಆಸ್ಪತ್ರೆ ಕಟ್ಟಲು ಜನ ಬೇಕಾಯಿತು. ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಹೊರಟಿದ್ದು ಆಗ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗಿದ್ದು 2006ರಲ್ಲಿ. ಅಲ್ಲಿಯವರೆಗೂ ಬಹಳ ಜನ ಮುಂಬೈಗೆ ಹೋಗಿ, ಅಲ್ಲಿಯ ಏಜೆಂಟರ ಕಚೇರಿ ಸುತ್ತಿ ವೀಸಾ ಹಿಡಿಯುತ್ತಿದ್ದರು. ಮೋಸವೂ ಅಷ್ಟೇ ಇತ್ತು. 1922ರ ಹಳೇ ವಲಸೆ ಕಾನೂನು ಸಾಲದಾಯಿತು. ಅದರ ಜಾಗಕ್ಕೆ 1983ರ ವಲಸೆ ಕಾಯ್ದೆ ಬಂತು. ಏಜೆಂಟ್ ಲೈಸೆನ್ಸ್ ಪಡೆಯಬೇಕು, ಕಡಿಮೆ ಓದಿದವರು ಗಲ್ಫಿನಂಥ ದೇಶಗಳಿಗೆ ಹೋಗುವ ಮೊದಲು ಸರ್ಕಾರದ ಒಪ್ಪಿಗೆ ಪಡೆಯಬೇಕು ಎಂದಿತು. ಪಾಸ್‌ಪೋರ್ಟಿನಲ್ಲಿ ಕಾಣುವ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕು) ಎಂಬ ಗುರುತು ಬಂದಿದ್ದು ಅಲ್ಲಿಂದ. ಹತ್ತನೇ ಕ್ಲಾಸ್ ಪಾಸಾದವರಿಗೆ ಈಗ ಅದರ ಕಾಟವಿಲ್ಲ.

ಕಾನೂನಿನ ಬಿಕ್ಕಟ್ಟು ನಿಜವಾಗಿ ಕಾಣುವುದು ‘ಫ್ರೀ ವೀಸಾ’ದಲ್ಲಿ. ಹೆಸರಷ್ಟೇ ಫ್ರೀ, ಅದಕ್ಕೆ ಕಾಸು ಕೊಡಲೇಬೇಕು! ಕಾಗದದ ಮೇಲೆ ಒಬ್ಬ ಕಫೀಲ್ ಇರುತ್ತಾನೆ, ಕೆಲಸ ಬೇರೆ ಕಡೆ. ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಣದ ಸಮಯ ಬಂದಾಗಲೆಲ್ಲ ಅವನ ಕೈಗೆ ಹಣ ಹೋಗಬೇಕು. ಗಳಿಕೆ ಚೆನ್ನಾಗಿರುವವರೆಗೆ ಎಲ್ಲರೂ ಸುಮ್ಮನಿರುತ್ತಾರೆ. ಆದರೆ ಸೌದಿ ಕಾರ್ಮಿಕ ಕಾನೂನಿನ ಪ್ರಕಾರ ಪ್ರಾಯೋಜಕನನ್ನು ಬಿಟ್ಟು ಬೇರೆಯವರ ಬಳಿ ದುಡಿಯುವುದು ಅಪರಾಧ. ಕಫೀಲ್ ಮನಸ್ಸು ಮುರಿದುಕೊಂಡು ‘ಹುರೂಬ್’ ಹಾಕಿಸಿದನೋ, ಅಂದರೆ ಕೆಲಸ ಬಿಟ್ಟು ಓಡಿಹೋದ ಅಂತ ಬರೆಸಿದನೋ, ನಿನ್ನೆಯವರೆಗೆ ನೆಟ್ಟಗಿದ್ದವನು ಅಕ್ರಮ ವಾಸಿಯಾಗಬಹುದು. ಹಾಗಾದರೆ ಇಕಾಮಾ ನವೀಕರಣವಾಗುವುದಿಲ್ಲ, ಸಿಕ್ಕಿಬಿದ್ದರೆ ಡಿಪೋರ್ಟ್. 2011ರಲ್ಲಿ ನಿತಾಕತ್ ಎಂಬ ಸೌದೀಕರಣ ಯೋಜನೆ, ಅಂದರೆ ಕೆಲಸಗಳನ್ನು ಸೌದಿಯವರಿಗೇ ಕೊಡಿಸುವ ಯೋಜನೆ ಬಂತು. 2013ರಲ್ಲಿ ತಪಾಸಣೆ ಬಿಗಿಯಾದಾಗ ದೊಡ್ಡ ಪೆಟ್ಟು ಬಿದ್ದದ್ದು ಇಂಥವರಿಗೇ. ಆ ವರ್ಷ ಲಕ್ಷಕ್ಕೂ ಹೆಚ್ಚು ಭಾರತೀಯರು ವಾಪಸ್ ಬಂದರು.

ಆಮೇಲಿನದು ಸುಧಾರಣೆಗಳ ಕಥೆ. ಬಹ್ರೇನ್ 2009ರಲ್ಲೇ ಶುರು ಮಾಡಿತ್ತು. ಅದೇ ವರ್ಷ ಯುಎಇಯಲ್ಲಿ ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕೆಂಬ ವ್ಯವಸ್ಥೆ ಬಂತು. ನನ್ನ ಲೆಕ್ಕದಲ್ಲಿ ಬಹಳ ಜನರಿಗೆ ಎಲ್ಲಕ್ಕಿಂತ ಉಪಕಾರವಾಗಿದ್ದು ಇದೇ. ಸಂಬಳ ಬಂದಿಲ್ಲ ಅನ್ನಲು ಕೈಯಲ್ಲಿ ದಾಖಲೆ ಇತ್ತು. ಫುಟ್‌ಬಾಲ್ ವಿಶ್ವಕಪ್ ನಡೆಸುವ ಅವಕಾಶ ಸಿಕ್ಕ ಮೇಲೆ ಜಗತ್ತಿನ ಕಣ್ಣು ಕತಾರ್ ಮೇಲೆ ಬಿತ್ತು. 2020ರಲ್ಲಿ ಅಲ್ಲಿ ಕೆಲಸ ಬದಲಿಸಲು ಮಾಲೀಕನ ಎನ್‌ಓಸಿ ಬೇಕಿಲ್ಲ ಎಂದಾಯಿತು. ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್ ಎಂದೂ ನಿಗದಿಯಾಯಿತು. ಮೊದಲೇ ಹೇಳಿದ ಸೌದಿಯ ಸಡಿಲಿಕೆ 2021ರ ಮಾರ್ಚ್ 14ರಂದು ಜಾರಿಗೆ ಬಂತು.

ಆದರೆ ಆ ಸಡಿಲಿಕೆಯಿಂದ ಸೌದಿ ಹೊರಗಿಟ್ಟದ್ದು ಯಾರನ್ನು? ಮನೆಗೆಲಸದವರು, ಮನೆಯ ಡ್ರೈವರ್, ತೋಟದವರು. ಇವರೆಲ್ಲ ಕಾರ್ಮಿಕ ಕಾನೂನಿನ ಹೊರಗೆ, ಬೇರೆಯೇ ನಿಯಮದ ಕೆಳಗಿದ್ದರು. ಮನೆಯೊಳಗಿನ ಕೆಲಸಕ್ಕೆ ಲೇಬರ್ ಇನ್‌ಸ್ಪೆಕ್ಟರ್ ಸುಲಭವಾಗಿ ಬಾಗಿಲು ತಟ್ಟುವ ಹಾಗೂ ಇಲ್ಲ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಅಂತ ಗೊತ್ತಿದ್ದರೂ, ಕೇಳಿ ಪಡೆಯುವ ಧೈರ್ಯ ಆ ಮನೆಯಲ್ಲೇ ಮಲಗುವವಳಿಗೆ ಎಲ್ಲಿಂದ ಬರಬೇಕು?

ಇನ್ನು ಇಸಿಆರ್ ಪಾಸ್‌ಪೋರ್ಟಿನವರು ಕೆಲಸಕ್ಕೆ ಹೊರಡುವಾಗ ಪ್ರವಾಸಿ ಭಾರತೀಯ ಬೀಮಾ ಯೋಜನೆಯ ಪಾಲಿಸಿ ಮಾಡಿಸಲೇಬೇಕು. ಎರಡು ವರ್ಷಕ್ಕೆ ಪ್ರೀಮಿಯಂ 275 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡುಕೋಣ ಅಂದುಕೊಂಡವರ ಹೆಸರು ಸರ್ಕಾರದ ಈ ವಲಸೆ ದಾಖಲೆಗೆ ಬರುವುದೇ ಇಲ್ಲ. ಸಂಬಳ ನಿಂತು ರಾಯಭಾರ ಕಚೇರಿಗೆ ಹೋದಾಗ ಮೊದಲು ಕೇಳುವುದು ಕೆಲಸದ ಒಪ್ಪಂದವನ್ನೇ.