ಬ್ರಿಟನ್ನಿನ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಬೇರು ಬಿಟ್ಟ ಕಥೆ

ಬ್ರಿಟನ್ನಿನಲ್ಲಿ ಇವತ್ತು ನೂರಕ್ಕೆ 80ಕ್ಕೂ ಹೆಚ್ಚು ಮನೆಗಳು ಬೆಚ್ಚಗಾಗುವುದು ಗ್ಯಾಸಿನಿಂದ. ಅಡುಗೆಮನೆಯ ಗೋಡೆಯ ಮೇಲೋ ಬೀರುವಿನ ಒಳಗೋ ಒಂದು ಬಿಳಿ ಡಬ್ಬ ಇರುತ್ತದೆ. ಅದು ಗ್ಯಾಸ್ ಉರಿಸಿ ನೀರು ಕಾಯಿಸುತ್ತದೆ. ಪಂಪು ಆ ನೀರನ್ನು ಕೋಣೆ ಕೋಣೆಯಲ್ಲಿ ಶಾಖ ಬಿಡುವ ರೇಡಿಯೇಟರಿಗೆ ಕಳಿಸುತ್ತದೆ. ತಣಿದ ನೀರು ವಾಪಸ್ ಬಂದು ಮತ್ತೆ ಕಾಯುತ್ತದೆ. ಹವಾಮಾನದ ಹಿತಕ್ಕೆ ಇದನ್ನು ತೆಗೆದು, ಕರೆಂಟಿನಲ್ಲಿ ಓಡಿ ಹೊರಗಿನ ಗಾಳಿಯಿಂದ ಶಾಖ ಎಳೆಯುವ ಹೀಟ್ ಪಂಪ್ ಹಾಕಿಸಿಕೊಳ್ಳಿ ಅಂತ ಸರ್ಕಾರ ಕೆಲವು ವರ್ಷಗಳಿಂದ ಹೇಳುತ್ತಿದೆ. ದುಡ್ಡೂ ಕೊಡುತ್ತಿದೆ. ಆದರೂ ಹೆಚ್ಚಿನವರು ಅಲುಗಾಡುತ್ತಿಲ್ಲ. ಬಾಯ್ಲರ್ ಅಂದರೆ ಅಲ್ಲಿನವರಿಗೆ ಅಷ್ಟು ಇಷ್ಟವೇ? ಇಷ್ಟವಿರಬಹುದು. ಆದರೆ ಹಿಂದಿನದನ್ನು ಸ್ವಲ್ಪ ಕೆದಕಿದರೆ ಆ ಇಷ್ಟಕ್ಕೆ ಐವತ್ತು ಚಿಲ್ಲರೆ ವರ್ಷವಷ್ಟೇ ವಯಸ್ಸು ಅಂತ ಗೊತ್ತಾಗುತ್ತದೆ. ಅದನ್ನು ಹುಟ್ಟಿಸಿದವರು ಯಾರು ಅನ್ನುವುದೂ ಗೊತ್ತಾಗುತ್ತದೆ.

ಹಳೆಯ ಮನೆಗಳ ಛಾವಣಿಯ ಮೇಲೆ ಚಿಮಣಿಗಳ ಸಾಲು ಈಗಲೂ ಇದೆ. ಹೆಚ್ಚುಕಮ್ಮಿ ಕೋಣೆಗೊಂದರಂತೆ ಕೊಳವೆ. ಕೋಣೆಯಲ್ಲೇ ಕಲ್ಲಿದ್ದಲು ಉರಿಯುತ್ತಿತ್ತು, ಶಾಖದ ಬಹುಪಾಲು ಚಿಮಣಿಯಲ್ಲೇ ಹೊರಟುಹೋಗುತ್ತಿತ್ತು. ಬೆಂಕಿಯ ಮುಂದೆ ಕೂತವರಿಗೆ ಮುಖ ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ಬೆಳಗ್ಗೆ ಬೂದಿ ಬಳಿಯಬೇಕು, ಕಲ್ಲಿದ್ದಲು ಹೊತ್ತು ತರಬೇಕು. ಈ ಕೆಲಸವೆಲ್ಲ ಹೆಂಗಸರ ಪಾಲಿಗೆ ಬರುತ್ತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

1952ರ ಡಿಸೆಂಬರ್ 5ರಂದು ಲಂಡನ್ನಿನ ಮೇಲೆ ಹೊಗೆ ಬೆರೆತ ಮಂಜು ಕವಿಯಿತು. ಐದು ದಿನ ಸರಿಯಲಿಲ್ಲ. ಸುಮಾರು 4,000 ಜನ ಸತ್ತರು ಅಂತ ಆಗಿನ ಲೆಕ್ಕ. ಈಚಿನ ಕೆಲವು ಲೆಕ್ಕಗಳು ಅದನ್ನು 12,000ದವರೆಗೆ ಒಯ್ಯುತ್ತವೆ. ಕಾರ್ಖಾನೆಗಳ ಹೊಗೆ ಇತ್ತು, ನಿಜ. ಆದರೆ ಮನೆಗಳ ಬೆಂಕಿಯ ಪಾಲೂ ಸಣ್ಣದಾಗಿರಲಿಲ್ಲ. 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಊರಿನ ಯಾವುದಾದರೂ ಭಾಗವನ್ನು ಹೊಗೆ ನಿಯಂತ್ರಣ ಪ್ರದೇಶ ಅಂತ ಸಾರುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಸಿಕ್ಕಿತು. ಅಲ್ಲಿ ಹೊಗೆ ಕಾರುವ ಕಲ್ಲಿದ್ದಲು ಉರಿಸುವಂತಿಲ್ಲ. ಒಲೆ ಬದಲಿಸುವ ಖರ್ಚಿನ ದೊಡ್ಡ ಪಾಲನ್ನು ಸರ್ಕಾರವೇ ಕೊಟ್ಟಿತು. ಮನೆ ಬೆಚ್ಚಗೆ ಮಾಡಿಕೊಳ್ಳುವ ವಿಚಾರ ಅಲ್ಲಿಗೆ ಬರೀ ಮನೆಯವರ ವಿಚಾರವಾಗಿ ಉಳಿಯಲಿಲ್ಲ.

ಹಾಗಂತ ಜನ ಮಾರನೇ ದಿನವೇ ಬಾಯ್ಲರ್ ತಂದುಬಿಡಲಿಲ್ಲ. ಹೊಸ ಮನೆಗಳು ಹೇಗಿರಬೇಕು ಅಂತ 1961ರಲ್ಲಿ ಪಾರ್ಕರ್ ಮಾರಿಸ್ ಸಮಿತಿ ವರದಿ ಕೊಟ್ಟಿತು. ಕೂರುವ ಕೋಣೆ ಸುಮಾರು 18 ಡಿಗ್ರಿ ಇರಬೇಕು, ಅಡುಗೆಮನೆ ಮತ್ತು ಓಡಾಡುವ ಜಾಗ 13 ಡಿಗ್ರಿ ಇದ್ದರೆ ಸಾಕು ಅಂದಿತು. ಮಲಗುವ ಕೋಣೆಗೆ ಈ ಕನಿಷ್ಠ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಆ ಕಾಲಕ್ಕೆ ಇದೇ ದೊಡ್ಡ ಸುಧಾರಣೆ! 1970ರಲ್ಲೂ ಮೂರರಲ್ಲಿ ಒಂದು ಮನೆಗಷ್ಟೇ ಸೆಂಟ್ರಲ್ ಹೀಟಿಂಗ್, ಅಂದರೆ ಒಂದೇ ಕಡೆಯಿಂದ ಇಡೀ ಮನೆ ಬೆಚ್ಚಗೆ ಮಾಡುವ ವ್ಯವಸ್ಥೆ, ಇತ್ತು. ಚಳಿಗಾಲದಲ್ಲಿ ಮನೆಯೊಳಗಿನ ಸರಾಸರಿ ಉಷ್ಣತೆ ಸುಮಾರು 12 ಡಿಗ್ರಿ ಅಂತ ಆಮೇಲಿನ ಸರ್ಕಾರಿ ಅಂದಾಜು ಹೇಳುತ್ತದೆ. ಈಗ ಅದು 17ರ ಆಸುಪಾಸಿನಲ್ಲಿದೆ. ಬಿಲ್ಲಿನ ಚರ್ಚೆಯಲ್ಲಿ ಈ ಐದು ಡಿಗ್ರಿಯನ್ನು ಮರೆಯುವವರೇ ಜಾಸ್ತಿ. ಹಿಂದಿನವರು ಕಡಿಮೆ ಖರ್ಚಿನಲ್ಲಿ ಬದುಕಿದರು ಅನ್ನುವುದರಲ್ಲಿ ಸ್ವಲ್ಪ ಭಾಗ ಸುಮ್ನೆ ಚಳಿ ತಡೆದುಕೊಂಡದ್ದು.

ಗ್ಯಾಸ್ ಆಗಲೂ ಇತ್ತು, ಆದರೆ ಈಗಿನ ಗ್ಯಾಸ್ ಅಲ್ಲ. ಕಲ್ಲಿದ್ದಲನ್ನು ಮುಚ್ಚಿದ ಒಲೆಗಳಲ್ಲಿ ಕಾಯಿಸಿ ತೆಗೆಯುತ್ತಿದ್ದ ಟೌನ್ ಗ್ಯಾಸ್ ಅದು. ಲಂಡನ್ನಿನಲ್ಲಿ 1812ರಲ್ಲೇ ಅದಕ್ಕೊಂದು ಕಂಪನಿ ಹುಟ್ಟಿತ್ತು. ಮೊದಲು ಬೀದಿ ದೀಪಕ್ಕೆ ಬಂತು, ಆಮೇಲೆ ಅಡುಗೆಗೆ. 1890ರ ದಶಕದಲ್ಲಿ ಪೆನ್ನಿ ನಾಣ್ಯ ಹಾಕಿದರೆ ಅಷ್ಟು ಹೊತ್ತು ಗ್ಯಾಸ್ ಬಿಡುವ ಮೀಟರುಗಳು ಬಂದವು. ಕೂಲಿ ಕಾರ್ಮಿಕರ ಮನೆಗಳಿಗೆ ಗ್ಯಾಸ್ ತಲುಪಿದ್ದು ಹೀಗೆ. ಟೌನ್ ಗ್ಯಾಸಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹೈಡ್ರೋಜನ್ ಇರುತ್ತಿತ್ತು, ಜೊತೆಗೆ ವಿಷವಾದ ಕಾರ್ಬನ್ ಮಾನಾಕ್ಸೈಡ್. ಇಡೀ ಮನೆ ಬಿಸಿ ಮಾಡುವಷ್ಟು ಅಗ್ಗವೂ ಆಗಿರಲಿಲ್ಲ.

ಆಟ ಬದಲಾದದ್ದು 1965ರ ಸೆಪ್ಟೆಂಬರಿನಲ್ಲಿ. ಸಮುದ್ರದ ತಳ ಕೊರೆಯುವ ಸೀ ಜೆಮ್ ಅನ್ನುವ ರಿಗ್ಗಿಗೆ ಉತ್ತರ ಸಮುದ್ರದಲ್ಲಿ ನೈಸರ್ಗಿಕ ಗ್ಯಾಸ್ ಸಿಕ್ಕಿತು. ಅದೇ ಡಿಸೆಂಬರಿನಲ್ಲಿ ಆ ರಿಗ್ ಕುಸಿದು 13 ಜನ ಸತ್ತರು. ಆದರೂ 1967ಕ್ಕೆ ಗ್ಯಾಸ್ ದಡ ತಲುಪಿತ್ತು. ಈ ಗ್ಯಾಸಿಗೆ ಟೌನ್ ಗ್ಯಾಸಿನ ಎರಡರಷ್ಟು ಶಾಖ. ಹಾಗಾಗಿ ಹಳೆಯ ಬರ್ನರಿನಲ್ಲಿ ಉರಿಸಲು ಬರುವುದಿಲ್ಲ. ಮುಂದಿನ ಹತ್ತು ವರ್ಷ ನಡೆದದ್ದು ಇವತ್ತು ಕೇಳಿದರೆ ನಂಬಲು ಕಷ್ಟ. ಬೀದಿ ಬೀದಿಯ ಗ್ಯಾಸ್ ನಿಲ್ಲಿಸಿದರು. ಫಿಟ್ಟರುಗಳು ಮನೆ ಮನೆ ಹೊಕ್ಕರು. ಒಲೆ, ಹೀಟರು, ಗೀಸರು, ಎಲ್ಲದರ ಜೆಟ್ ಮತ್ತು ಬರ್ನರ್ ಬದಲಿಸಿದರು. ಸುಮಾರು 1 ಕೋಟಿ 30 ಲಕ್ಷ ಗ್ರಾಹಕರು, 4 ಕೋಟಿಯಷ್ಟು ಉಪಕರಣಗಳು. ಮನೆಯವರಿಗೆ ಇದರ ಬಿಲ್ ಬರಲಿಲ್ಲ. 1977ರ ಹೊತ್ತಿಗೆ ಕೆಲಸ ಮುಗಿದಿತ್ತು.

ಇದು ಹೇಗಾಯಿತು ಅನ್ನುವುದು ಮುಖ್ಯ. ಗ್ಯಾಸ್ ಉದ್ಯಮ 1949ರಿಂದ ಸರ್ಕಾರದ ಕೈಯಲ್ಲಿತ್ತು. ಪೈಪು ಅವರದೇ, ಗ್ಯಾಸ್ ಅವರದೇ. ಪೇಟೆಯ ಷೋರೂಮ್ ಅವರದೇ, ಮನೆಗೆ ಬರುವ ಫಿಟ್ಟರೂ ಅವರವನೇ. ಬದಲಿಸಲು ಬಾರದ ಹಳೇ ಉಪಕರಣ ಇದ್ದವರಿಗೆ ಹೊಸದನ್ನು ಕಂತಿನಲ್ಲಿ ಕೊಟ್ಟರು. ಸಮುದ್ರದಡಿ ಸಿಕ್ಕ ಗ್ಯಾಸನ್ನು ಮಾರಲೇಬೇಕಿತ್ತು, ಅದನ್ನು ಅತಿ ಹೆಚ್ಚು ನುಂಗುವ ವಸ್ತು ಸೆಂಟ್ರಲ್ ಹೀಟಿಂಗ್. 1973ರಲ್ಲಿ ಎಣ್ಣೆ ಬೆಲೆ ಗಗನಕ್ಕೇರಿದಾಗ ಎಣ್ಣೆ ಬಾಯ್ಲರಿನ ಪೈಪೋಟಿಯೂ ಹೋಯಿತು. ಜನ ಗ್ಯಾಸ್ ಆರಿಸಿಕೊಂಡರು ಅನ್ನುತ್ತೇವೆ. ಬೇರೆ ಯಾವುದೂ ಮನೆ ಬಾಗಿಲಿಗೆ ಬಂದು ಬಾಗಿಲು ಬಡಿಯಲಿಲ್ಲ ಅನ್ನುವುದು ಹೆಚ್ಚು ಸರಿ.

ಗ್ಯಾಸ್ ಸಿಗದವರ ಕಥೆ ಬೇರೆ. 1968ರ ಮೇ 16ರಂದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಅನ್ನುವ 22 ಅಂತಸ್ತಿನ ಕಟ್ಟಡದಲ್ಲಿ ಗ್ಯಾಸ್ ಸ್ಫೋಟವಾಯಿತು. ಇಡೀ ಒಂದು ಮೂಲೆ ಮೇಲಿಂದ ಕೆಳಗೆ ಕುಸಿದು ನಾಲ್ವರು ಸತ್ತರು. ಅದಾದ ಮೇಲೆ ಅಂಥ ಎತ್ತರದ ಎಷ್ಟೋ ಕಟ್ಟಡಗಳಿಂದ ಗ್ಯಾಸ್ ತೆಗೆದರು. ಅಲ್ಲಿನವರಿಗೆ ಸಿಕ್ಕಿದ್ದು ಕರೆಂಟಿನ ಸ್ಟೋರೇಜ್ ಹೀಟರ್. ರಾತ್ರಿ ಏಳು ಗಂಟೆ ಹೊತ್ತು ಕರೆಂಟ್ ಅಗ್ಗವಾಗಿ ಕೊಡುವ ಎಕಾನಮಿ 7 ದರ 1978ರಲ್ಲಿ ಬಂತು. ರಾತ್ರಿ ಒಳಗಿನ ಇಟ್ಟಿಗೆ ಕಾಯಿಸಿ ಹಗಲು ಶಾಖ ಬಿಡುವುದು ಅದರ ಲೆಕ್ಕ. ಬೆಳಗ್ಗೆ ಸೆಖೆ, ಸಂಜೆ ಎಲ್ಲರೂ ಮನೆಗೆ ಬರುವ ಹೊತ್ತಿಗೆ ತಣ್ಣಗೆ. ಕರೆಂಟಿನಿಂದ ಮನೆ ಕಾಯಿಸುವುದು ದುಬಾರಿ ಮತ್ತು ಕಿರಿಕಿರಿ ಅನ್ನುವ ಮಾತು ಗಟ್ಟಿಯಾದದ್ದು ಇಲ್ಲೇ. ಹೀಟ್ ಪಂಪ್ ಇವತ್ತಿಗೂ ಆ ಹೆಸರಿನ ಭಾರ ಹೊರುತ್ತಿದೆ.

1986ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಬ್ರಿಟಿಷ್ ಗ್ಯಾಸನ್ನು ಖಾಸಗಿಗೆ ಮಾರಿತು. 'ಸಿಡ್ ಕಂಡರೆ ಅವನಿಗೂ ಹೇಳಿ' ಅಂತ, ಸಿಡ್ ಅನ್ನುವ ಕಲ್ಪನೆಯ ಮನುಷ್ಯನ ಹೆಸರಲ್ಲಿ ಜಾಹೀರಾತು ಹಾಕಿ ಸಾಮಾನ್ಯ ಜನಕ್ಕೂ ಷೇರು ಮಾರಿದರು. ಮನೆಯೊಳಗೆ ಕಾಂಬಿ ಬಾಯ್ಲರ್ ಬಂತು. ಅದು ನಲ್ಲಿ ತಿರುಗಿಸಿದ ಕೂಡಲೇ ನೀರು ಕಾಯಿಸಿ ಕೊಡುತ್ತದೆ, ಬಿಸಿನೀರು ತುಂಬಿಡುವ ಸಿಲಿಂಡರ್ ಬೇಡ. ಸಿಲಿಂಡರ್ ಇದ್ದ ಜಾಗ ಬಟ್ಟೆ ಬೀರುವಾಯಿತು. ಈಗ ಹೀಟ್ ಪಂಪ್ ಬೇಕೆಂದರೆ ಆ ಸಿಲಿಂಡರಿಗೆ ಮತ್ತೆ ಜಾಗ ಹುಡುಕಬೇಕು. ಸಣ್ಣ ಮನೆಯವರಿಗೆ ಇದು ನಿಜವಾದ ತೊಡಕು.

2005ರ ಏಪ್ರಿಲಿನಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹೊಸ ಗ್ಯಾಸ್ ಬಾಯ್ಲರ್ ಹಾಕಿದರೆ ಅದು ಕಂಡೆನ್ಸಿಂಗ್ ಬಾಯ್ಲರೇ ಆಗಬೇಕು ಅಂತ ನಿಯಮ ಬಂತು. ಹೆಚ್ಚು ಗದ್ದಲವಿಲ್ಲದೆ ಬಂದ ಈ ನಿಯಮ ದೊಡ್ಡ ಉಳಿತಾಯ ತಂದಿತು. ಗ್ಯಾಸ್ ಉರಿದಾಗ ಹೊಗೆಯಲ್ಲಿ ನೀರಾವಿಯೂ ಇರುತ್ತದೆ. ಅದನ್ನು ತಣಿಸಿ ನೀರು ಮಾಡಿದರೆ ಅದರೊಳಗಿನ ಶಾಖವೂ ಸಿಗುತ್ತದೆ. ಆದರೆ ರೇಡಿಯೇಟರಿನಿಂದ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಇದು ಸಾಧ್ಯ. ಎಷ್ಟೋ ಮನೆಗಳಲ್ಲಿ ಬಾಯ್ಲರಿನಿಂದ ಹೊರಡುವ ನೀರನ್ನು 70-80 ಡಿಗ್ರಿಗೆ ಇಟ್ಟು ಹೋಗಿರುತ್ತಾರೆ. ದುಡ್ಡು ಕೊಟ್ಟದ್ದು ಕಂಡೆನ್ಸಿಂಗ್ ಬಾಯ್ಲರಿಗೆ, ಓಡುತ್ತಿರುವುದು ಹಳೇ ಕಾಲದ್ದರ ಹಾಗೆ. ಕಾಂಬಿ ಇದ್ದವರು ರೇಡಿಯೇಟರ್ ನೀರನ್ನು 60 ಡಿಗ್ರಿಗೋ ಇನ್ನೂ ಕೆಳಗೋ ಇಳಿಸಿದರೆ ಬಿಲ್ ಇಳಿಯುತ್ತದೆ. ಸಿಲಿಂಡರ್ ಇದ್ದವರು ಮಾತ್ರ ಹುಷಾರಾಗಿರಬೇಕು. ಸಂಗ್ರಹದ ನೀರು 60 ಡಿಗ್ರಿ ಮುಟ್ಟದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ.

ಅಷ್ಟರಲ್ಲಿ ಸಮುದ್ರದ ಗ್ಯಾಸ್ ಇಳಿಮುಖವಾಗಿತ್ತು. 2000ದಲ್ಲಿ ಉತ್ಪಾದನೆ ತುದಿ ಮುಟ್ಟಿತು. 2004ರಲ್ಲಿ ಬ್ರಿಟನ್ ಮಾರುವುದಕ್ಕಿಂತ ಹೆಚ್ಚು ಕೊಳ್ಳುವ ದೇಶವಾಯಿತು. ಮನೆಗಳು ಮಾತ್ರ ಅದೇ ಪೈಪಿಗೆ ಕಟ್ಟಿಹಾಕಿಕೊಂಡಿದ್ದವು. 2019ರ ಜನವರಿಯಿಂದ ಬಿಲ್ಲಿಗೆ ಮಿತಿ ಇದೆ. ಇದನ್ನು ತಪ್ಪು ತಿಳಿಯುವವರು ಬಹಳ. ಮಿತಿ ಇರುವುದು ಯೂನಿಟ್ ದರಕ್ಕೆ ಮತ್ತು ಬಳಸಿದರೂ ಬಿಟ್ಟರೂ ದಿನಕ್ಕಿಷ್ಟು ಅಂತ ಕಟ್ಟುವ ಸ್ಟ್ಯಾಂಡಿಂಗ್ ಚಾರ್ಜಿಗೆ. ಜಾಸ್ತಿ ಉರಿಸಿದರೆ ಬಿಲ್ಲೂ ಜಾಸ್ತಿಯೇ. ಸಾಧಾರಣ ಬಳಕೆಯ ಮನೆಗೆ ಈ ಮಿತಿಯ ಲೆಕ್ಕ 2021ರ ಅಕ್ಟೋಬರಿನಲ್ಲಿ ವರ್ಷಕ್ಕೆ 1,277 ಪೌಂಡ್ ಇತ್ತು. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ, 2022ರ ಅಕ್ಟೋಬರಿಗೆ ಅದು 3,549 ಆಗಬೇಕಿತ್ತು. ಸರ್ಕಾರ ನಡುವೆ ಬಂದು 2,500ಕ್ಕೆ ಹಿಡಿದು ನಿಲ್ಲಿಸಿತು, ಪ್ರತಿ ಮನೆಗೆ 400 ಪೌಂಡ್ ಬೇರೆ ಕೊಟ್ಟಿತು. ಬಾಕಿ ಉಳಿಸಿಕೊಂಡವರ ಮನೆಗೆ ವಾರಂಟ್ ತಂದು ಮೊದಲೇ ದುಡ್ಡು ಕಟ್ಟುವ ಮೀಟರ್ ಹಾಕುತ್ತಿದ್ದ ಸುದ್ದಿ ದೊಡ್ಡ ಹಗರಣವಾಯಿತು. 2023ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪೆನ್ನಿ ಮೀಟರಿನ ವಂಶ ಇನ್ನೂ ಇದೆ, ನೋಡಿ. ದುಡ್ಡು ಮುಗಿದರೆ ಮನೆ ತಣ್ಣಗೆ, ಕಡಿತ ಮಾಡಿದ್ದೇವೆ ಅಂತ ಯಾರೂ ಹೇಳಬೇಕಾಗಿಲ್ಲ.

ಹಾಗಾದರೆ ಹೀಟ್ ಪಂಪ್ ಯಾಕೆ ಓಡುತ್ತಿಲ್ಲ? ಚಳಿಗೆ ಅದು ಆಗಿಬರುವುದಿಲ್ಲ ಅನ್ನುವ ಮಾತಿನಲ್ಲಿ ಹುರುಳಿಲ್ಲ. ಇನ್ನೂ ಚಳಿಯ ನಾರ್ವೆಯಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ಅದಿದೆ. ಅಲ್ಲಿ ಜಲವಿದ್ಯುತ್ತು ಅಗ್ಗ, ಮನೆ ಮನೆಗೆ ಗ್ಯಾಸ್ ಪೈಪು ಇಲ್ಲ. ಲೆಕ್ಕ ಇರುವುದು ದರದಲ್ಲಿ. ಹೀಟ್ ಪಂಪ್ ಒಂದು ಯೂನಿಟ್ ಕರೆಂಟ್ ತೆಗೆದುಕೊಂಡು ಹೊರಗಿನ ಗಾಳಿಯಿಂದ ಶಾಖ ಎಳೆದು ಮೂರರಷ್ಟು ಶಾಖ ಕೊಡುತ್ತದೆ ಅಂದುಕೊಳ್ಳಿ. ಬ್ರಿಟನ್ನಿನಲ್ಲಿ ಈಚಿನ ವರ್ಷಗಳಲ್ಲಿ ಗ್ಯಾಸ್ ಯೂನಿಟ್ಟಿಗೆ 6 ಪೆನ್ಸ್ ಆಸುಪಾಸು, ಕರೆಂಟ್ 25ರ ಆಸುಪಾಸು. ಮೂರರಿಂದ ಭಾಗಿಸಿದರೂ ಒಂದು ಯೂನಿಟ್ ಶಾಖಕ್ಕೆ 8 ಪೆನ್ಸ್ ದಾಟುತ್ತದೆ. ಒಳ್ಳೆಯ ಬಾಯ್ಲರಿನಲ್ಲಿ ಅದು 7ರೊಳಗೆ. ಹೀಟ್ ಪಂಪ್ ನಾಲ್ಕರಷ್ಟು ಕೊಟ್ಟರೆ ತಕ್ಕಡಿ ತಿರುಗುತ್ತದೆ. ಅದಕ್ಕೆ ರೇಡಿಯೇಟರ್ ದೊಡ್ಡದಿರಬೇಕು, ನೀರು 45 ಡಿಗ್ರಿಯಲ್ಲಿ ಓಡಬೇಕು, ಗೋಡೆಯಿಂದ ಶಾಖ ಸೋರಬಾರದು. ಇಂಗ್ಲೆಂಡಿನ ಐದರಲ್ಲಿ ಒಂದು ಮನೆ 1919ಕ್ಕಿಂತ ಹಳೆಯದು.

ಕರೆಂಟ್ ಇಷ್ಟು ದುಬಾರಿ ಆಗುವುದಕ್ಕೂ ಗ್ಯಾಸೇ ಕಾರಣ. ಮಾರುಕಟ್ಟೆಯಲ್ಲಿ ಬಹಳ ಹೊತ್ತು ಬೆಲೆ ಗೊತ್ತುಮಾಡುವುದು ಗ್ಯಾಸ್ ವಿದ್ಯುತ್ ಸ್ಥಾವರ. ಅದರ ಮೇಲೆ ಗಾಳಿ, ಸೌರ ಯೋಜನೆಗಳ ಹಳೆಯ ಸಬ್ಸಿಡಿಯನ್ನು ಗ್ಯಾಸ್ ಬಿಲ್ಲಿಗೆ ಹಾಕದೆ ಕರೆಂಟ್ ಬಿಲ್ಲಿಗೇ ಹೇರಿದರು. ಅದರಲ್ಲಿ ಒಂದಷ್ಟನ್ನು ತೆರಿಗೆ ಹಣಕ್ಕೆ ವರ್ಗಾಯಿಸುವ ತೀರ್ಮಾನ ಬಂದದ್ದು 2025ರ ನವೆಂಬರಿನ ಬಜೆಟ್ಟಿನಲ್ಲಿ. ಹೀಟ್ ಪಂಪ್ ಹಾಕಿಸಿ ಅಂತ ಹೇಳಲು ಶುರುಮಾಡಿ ವರ್ಷಗಳಾದ ಮೇಲೆ!

ನಡುವೆ ಪೈಪಿನಲ್ಲಿ ಹೈಡ್ರೋಜನ್ ಬಿಡುವ ಆಸೆಯೂ ಇತ್ತು. ಟೌನ್ ಗ್ಯಾಸಿನಲ್ಲಿ ಇದ್ದದ್ದೇ ಅಲ್ವಾ ಅನ್ನಬಹುದು. ಆದರೆ ಕರೆಂಟಿನಿಂದ ನೀರು ಒಡೆದು ತೆಗೆಯುವ ಹಸಿರು ಹೈಡ್ರೋಜನ್ ಮಾಡಲು ಬೇಕಾಗುವ ಕರೆಂಟನ್ನು ನೇರವಾಗಿ ಹೀಟ್ ಪಂಪಿಗೇ ಕೊಟ್ಟರೆ ಎಷ್ಟೋ ಪಟ್ಟು ಶಾಖ ಸಿಗುತ್ತದೆ. ವಿಟ್ಬಿ ಮತ್ತು ರೆಡ್‌ಕಾರ್‌ನಲ್ಲಿ ಮಾಡಬೇಕೆಂದಿದ್ದ ಪ್ರಯೋಗ ಎರಡೂ 2023ರಲ್ಲಿ ರದ್ದಾದವು. ವಿಟ್ಬಿಯಲ್ಲಿ ಊರಿನವರೇ ಎದುರು ನಿಂತಿದ್ದರು.

2028ರ ಹೊತ್ತಿಗೆ ವರ್ಷಕ್ಕೆ 6 ಲಕ್ಷ ಹೀಟ್ ಪಂಪ್ ಅನ್ನುವುದು ಸರ್ಕಾರ 2020ರಲ್ಲಿ ಇಟ್ಟುಕೊಂಡಿದ್ದ ಗುರಿ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಒಂದಕ್ಕೆ 7,500 ಪೌಂಡ್ ಸಹಾಯಧನವಿದೆ. ಆದರೂ 2024ರಲ್ಲಿ ಇಡೀ ದೇಶದ ಮಾರಾಟ ಒಂದು ಲಕ್ಷ ಮುಟ್ಟಲಿಲ್ಲ. ಬಾಯ್ಲರ್ ಕೆಡುವುದು ಚಳಿಗಾಲದಲ್ಲಿ, ಜೋರಾಗಿ ಓಡುತ್ತಿರುವಾಗ. ಫೋನ್ ಮಾಡಿದರೆ ಒಂದೆರಡು ದಿನದಲ್ಲಿ ಹೊಸ ಬಾಯ್ಲರ್ ಬಂದು ಕೂರುತ್ತದೆ. ಹೀಟ್ ಪಂಪಿಗೆ ಮನೆ ಅಳೆಯಬೇಕು, ಅರ್ಜಿ ಹಾಕಬೇಕು, ರೇಡಿಯೇಟರ್ ಬದಲಿಸಬೇಕು, ವಾರಗಟ್ಟಲೆ ಕಾಯಬೇಕು. ಮಕ್ಕಳು ನಡುಗುತ್ತಿರುವ ಮನೆಯಲ್ಲಿ ಯಾರೂ ಹವಾಮಾನದ ಲೆಕ್ಕ ಹಾಕುತ್ತಾ ಕೂರುವುದಿಲ್ಲ. 1967ರಲ್ಲಿ ಮನೆಗೆ ಬಂದ ಫಿಟ್ಟರಿಗೆ ಸಮನಾದವರು ಈಗ ಯಾರೂ ಇಲ್ಲ.

ಇನ್ನೊಂದು ಬಿಲ್ ಮುಂದೆ ಕಾದಿದೆ, ಅದರ ಮಾತು ಹೊರಗೆ ಅಷ್ಟಾಗಿ ಕೇಳಿಸುವುದಿಲ್ಲ. ಗ್ಯಾಸ್ ಪೂರ್ತಿ ಬಿಟ್ಟವರು ಅದರ ಸ್ಟ್ಯಾಂಡಿಂಗ್ ಚಾರ್ಜ್ ಕಟ್ಟಬೇಕಾಗಿಲ್ಲ. ಪೈಪಿನ ಜಾಲವನ್ನು ನೋಡಿಕೊಳ್ಳುವ ಖರ್ಚು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಮೊದಲು ಬಿಡುವವರು ಸ್ವಂತ ಮನೆ, ಕೈಯಲ್ಲಿ ಕಾಸು ಇರುವವರು. ಬಾಡಿಗೆಯವರಿಗೆ ಬಾಯ್ಲರ್ ಬದಲಿಸುವ ಅಧಿಕಾರವೇ ಇಲ್ಲ. ಕೊನೆಗೆ ಆ ಜಾಲದ ಖರ್ಚು ಬಂದು ಬೀಳುವುದು ಅವರ ಮೇಲೆ. ಅದನ್ನು ಬಿಲ್ಲಿನಲ್ಲೇ ವಸೂಲು ಮಾಡಬೇಕೋ, ತೆರಿಗೆಯಲ್ಲೋ ಅನ್ನುವುದು ಇನ್ನೂ ತೀರ್ಮಾನವಾಗಬೇಕಿದೆ.